ಮಲೆನಾಡಿನ ತೋಟಕ್ಕೆ ಎಂಥ ಕಟ್ಟಡ ಬೇಕು?

ಕೊಪ್ಪದಿಂದ ಶೃಂಗೇರಿಗೆ ಹೋಗುವ ದಾರಿಯಲ್ಲಾಗಲಿ, ಬಾಳೆಹೊನ್ನೂರು, ನರಸಿಂಹರಾಜಪುರದ ಕಡೆಗಾಗಲಿ, ಈಚೆಗೆ ಕಟ್ಟಿದ ತೋಟದ ಮನೆಗಳನ್ನು ನೋಡುತ್ತ ಹೋದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಮನೆ ಒಂದು, ಮಾಡು ಎರಡು. ಕೆಳಗೆ ಲಕ್ಷಗಟ್ಟಲೆ ಸುರಿದು ಹಾಕಿಸಿದ ಕಾಂಕ್ರೀಟ್ ತಾರಸಿ. ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಹೊದಿಸಿದ ಶೀಟು. ಎರಡನೆಯ ಮಳೆಗಾಲಕ್ಕೆ ತಾರಸಿ ಜಿನುಗಿತು, ಮೂರನೆಯದಕ್ಕೆ ಗೋಡೆಗೆ ಪಾಚಿ ಹತ್ತಿತು, ನಾಲ್ಕನೆಯದು ಬರುವ ಮೊದಲು ಶೀಟು ಬಂತು. ಬಹುಪಾಲು ಮನೆಗಳ ಚರಿತ್ರೆ ಇಷ್ಟೇ. ಹೀಗೆ ಒಂದು ಮನೆಗೆ ಎರಡು ಮಾಡಿನ ಹಣ ತೆತ್ತ ರೈತರು, ಅಜ್ಜನ ಕಾಲದ ಮನೆಯನ್ನು ಕೆಡವಿದಾಗ ಸಿಕ್ಕಿದ ತೊಲೆ, ಮುಂಡಿಗೆ, ಬಾಗಿಲುಗಳನ್ನು ಹಳೆಯ ಮರದ ವ್ಯಾಪಾರಿಗೆ ಅವನು ಹೇಳಿದ ದರಕ್ಕೆ ಕೊಟ್ಟಿರುತ್ತಾರೆ.

ಬೇಸಾಯದ ಪುಟದಲ್ಲಿ ಮನೆ ಕಟ್ಟುವ ವಿಚಾರವೇಕೆ ಎಂದು ಕೆಲವರು ಕೇಳಬಹುದು. ಅಡಿಕೆ, ಕಾಫಿ, ಮೆಣಸು ಬೆಳೆಯುವವರಿಗೆ ಕಟ್ಟಡವೆಂದರೆ ಮಲಗುವ ಜಾಗ ಮಾತ್ರವಲ್ಲ. ಅಡಿಕೆ ಸುಲಿಯುವ ಜಗಲಿ, ಬೇಯಿಸುವ ಒಲೆ, ಒಣಗಿಸುವ ಅಂಗಳ, ಕಾಫಿ ಪಲ್ಪರ್ ಮನೆ, ಉಗ್ರಾಣ, ಕೊಟ್ಟಿಗೆ ಇವೆಲ್ಲವೂ ಕತ್ತಿ, ಗುದ್ದಲಿ, ದೋಟಿಗಳ ಹಾಗೆ ದುಡಿಯುವ ಸಲಕರಣೆಗಳೇ. ಸಲಕರಣೆ ಸರಿಯಿಲ್ಲದಿದ್ದರೆ ಕೈಗೆ ಬಂದ ಫಸಲು ಹಾಳಾಗುತ್ತದೆ. ಚೆನ್ನಾಗಿ ಬೆಂದು ಒಣಗಿದ ರಾಶಿ ಅಡಿಕೆ ಆಷಾಢ, ಶ್ರಾವಣದಲ್ಲಿ ಬೂಷ್ಟು ಹಿಡಿದು ದರ ಕಳೆದುಕೊಂಡರೆ, ಆ ನಷ್ಟವನ್ನು ತೋಟಕ್ಕೆ ಎಷ್ಟು ಗೊಬ್ಬರ ಹಾಕಿಯೂ ತುಂಬಲಾಗದು. ಇದರ ಜೊತೆಗೆ ಹಳದಿ ಎಲೆ ರೋಗ ಶೃಂಗೇರಿ, ಕೊಪ್ಪದ ತೋಟಗಳನ್ನು ದಶಕಗಳಿಂದ ತಿನ್ನುತ್ತ ಬಂದಿದೆ. ಈಗ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ನಾಳೆಯ ಆದಾಯ ಎಷ್ಟೆಂದು ಹೇಳಲಾಗದ ಇಂಥ ಹೊತ್ತಿನಲ್ಲಿ ಸಾಲ ಮಾಡಿ ಕಟ್ಟುವ ಕಟ್ಟಡ ಕೆಲಸಕ್ಕೆ ಬರುವಂಥದ್ದೇ ಎಂದು ನಾಲ್ಕು ಸಲ ಯೋಚಿಸುವುದು ಒಳ್ಳೆಯದು.

ಪರಿಸರಕ್ಕೆ ಹಿತವಾದ ಕಟ್ಟಡಗಳೆಂದು ಪತ್ರಿಕೆಗಳಲ್ಲಿ ಹೆಚ್ಚಾಗಿ ಚಿತ್ರ ಬರುವುದು ವೈನ್ ತಯಾರಿಸುವ ದ್ರಾಕ್ಷಿ ತೋಟಗಳದು. ನಮ್ಮ ರಾಜ್ಯದಲ್ಲಿಯೂ ಈ ಉದ್ಯಮ ಹೊಸದಲ್ಲ. ದೊಡ್ಡಬಳ್ಳಾಪುರದ ಬಳಿ ನಂದಿ ಬೆಟ್ಟದ ತಪ್ಪಲಿನಲ್ಲಿ ಗ್ರೋವರ್ ಅವರ ದ್ರಾಕ್ಷಿ ತೋಟ 1988ರಲ್ಲಿ ಆರಂಭವಾಯಿತು. ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದಿತು. ವೈನ್ ಮಾಡುವವರಿಗೆ ಇರುವ ದೊಡ್ಡ ತೊಂದರೆ ಶಾಖದ್ದು. ರಸ ಹುದುಗುವಾಗ ತಾನೇ ಬಿಸಿಯಾಗುತ್ತದೆ. ಆಮೇಲೆ ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಇಡುವಾಗ 12ರಿಂದ 16 ಡಿಗ್ರಿ ಸೆಲ್ಸಿಯಸ್‌ನಷ್ಟು ತಂಪು ಏರಿಳಿತವಿಲ್ಲದೆ ಇರಬೇಕು. ಫ್ರಾನ್ಸಿನ ಶಾಂಪೇನ್ ಪ್ರಾಂತ್ಯದವರು ಇದಕ್ಕಾಗಿ ಸೀಮೆಸುಣ್ಣದ ಬಂಡೆಯೊಳಗೆ ನೆಲಮಾಳಿಗೆ ಕೊರೆದರು. ಗುಡ್ಡದ ಇಳಿಜಾರಿನಲ್ಲಿ ಕಟ್ಟಡ ಕಟ್ಟಿ, ಹಣ್ಣನ್ನು ಮೇಲಿನ ಹಂತದಲ್ಲಿ ಇಳಿಸಿ, ರಸ ತಾನಾಗಿ ಕೆಳಗಿನ ಹಂತಕ್ಕೆ ಹರಿಯುವಂತೆ ಮಾಡುವ ಪದ್ಧತಿಯೂ ಇದೆ. ಪಂಪು ಬೇಡ, ಕರೆಂಟು ಉಳಿತಾಯ. ಹೊಸ ವೈನ್ ತೋಟಗಳವರು ದಪ್ಪ ಮಣ್ಣಿನ ಗೋಡೆ, ಅರ್ಧ ನೆಲದೊಳಗೆ ಹೂತ ಉಗ್ರಾಣ, ಮಳೆನೀರಿನ ತೊಟ್ಟಿ ಇವನ್ನೆಲ್ಲ ಹೆಮ್ಮೆಯಿಂದ ತೋರಿಸುವುದು ಈ ಕಾರಣಕ್ಕೆ.

ನಮ್ಮ ಮೂರು ತಾಲ್ಲೂಕುಗಳಲ್ಲಿ ದ್ರಾಕ್ಷಿಯ ಮಾತು ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲೆಯ ಮೇಲಿನ ನೀರು ಆರದ ಊರಿನಲ್ಲಿ ದ್ರಾಕ್ಷಿ ಹಚ್ಚಿದರೆ ಬೂಜು ತುಪ್ಪಟ ರೋಗವನ್ನು ಸಾಕಿದ ಹಾಗೆ. ಆದರೆ ಆ ಕಟ್ಟಡಗಳ ಹಿಂದಿನ ಬುದ್ಧಿ ನಮಗೆ ಹೊಸದೇನೂ ಅಲ್ಲ. ಹಳೆಯ ಕಾಫಿ ತೋಟಗಳ ಪಲ್ಪರ್ ಮನೆಯನ್ನು ಜ್ಞಾಪಿಸಿಕೊಳ್ಳಿ. ಇಳಿಜಾರಿನ ನೆತ್ತಿಯಲ್ಲಿ ಹಣ್ಣು ಸುರಿಯುವ ತೊಟ್ಟಿ, ಅದರ ಕೆಳಗೆ ಪಲ್ಪರ್, ಅದರ ಕೆಳಗೆ ಹುದುಗುವ ತೊಟ್ಟಿ, ಮತ್ತೆ ಕೆಳಗೆ ತೊಳೆಯುವ ಕಾಲುವೆ, ಕಟ್ಟಕಡೆಗೆ ಕಣ. ಬೀಜ ನೀರಿನ ಜೊತೆ ಇಳಿಯುತ್ತ ಬರುತ್ತದೆ, ಯಾರೂ ಹೊರಬೇಕಾಗಿಲ್ಲ. ಇಲ್ಲಿ ಒಂದು ಮಾತು ಸೇರಿಸಬೇಕು: ಆ ತೊಳೆದ ನೀರು ಮುಂದೆ ಇಳಿದು ಹಳ್ಳಕ್ಕೆ ಸೇರಬಾರದು. ಆ ಹಳ್ಳ ತುಂಗೆಗೋ ಭದ್ರೆಗೋ ಹೋಗುತ್ತದೆ, ಕೆಳಗಿನ ಊರಿನವರು ಅದನ್ನೇ ಕುಡಿಯುತ್ತಾರೆ. ಕಡಿಮೆ ನೀರು ಬೇಡುವ ಪಲ್ಪರ್‌ಗಳು ಈಗ ಬಂದಿವೆ. ಹೊಸದಾಗಿ ಕಟ್ಟುವವರು ಬಾಳೆಹೊನ್ನೂರಿನ ಬಳಿ 1925ರಿಂದ ನಡೆಯುತ್ತಿರುವ ಕಾಫಿ ಸಂಶೋಧನಾ ಕೇಂದ್ರದವರನ್ನು ಕಂಡು ತೊಟ್ಟಿಯ ಅಳತೆ ಕೇಳಿಕೊಂಡು ಬರಲಿ.

ವೈನ್ ತೋಟದ ಒಂದು ಕ್ರಮವನ್ನು ಮಾತ್ರ ನಾವು ಅನುಸರಿಸಕೂಡದು. ಅವರಿಗೆ ಬೇಕಾದದ್ದು ತಂಪು, ಜೊತೆಗೆ ಸ್ವಲ್ಪ ತೇವ. ತೇವವಿಲ್ಲದಿದ್ದರೆ ಪೀಪಾಯಿಯ ಮರ ಒಣಗಿ ವೈನ್ ಕುಗ್ಗುತ್ತದೆ. ನಮಗೆ ಬೇಕಾದದ್ದು ಒಣ ಜಾಗ. ಗುಡ್ಡ ಕೊರೆದು ನೆಲದೊಳಗೆ ಹೂತ ಉಗ್ರಾಣದಲ್ಲಿ ಅಡಿಕೆ ಇಟ್ಟರೆ ಗೌರಿ ಹಬ್ಬದ ಹೊತ್ತಿಗೆ ಅದನ್ನು ಗೊಬ್ಬರದ ಗುಂಡಿಗೆ ಸಾಗಿಸಬೇಕಾದೀತು. ಅಲ್ಲಿಯವರು ನೆಲದೊಳಕ್ಕೆ ಇಳಿದರೆ ನಮ್ಮ ಹಿರಿಯರು ಅಟ್ಟಕ್ಕೆ ಏರಿದ್ದು ಇದಕ್ಕಾಗಿಯೇ.

ಮಾಡು ಮೊದಲು, ಗೋಡೆ ಆಮೇಲೆ

ಶೃಂಗೇರಿಯ ಸುತ್ತ ವರ್ಷಕ್ಕೆ 3500 ಮಿ.ಮೀ. ದಾಟಿ ಮಳೆ ಬೀಳುತ್ತದೆ. ಕೊಪ್ಪದಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ. ಪೂರ್ವಕ್ಕೆ ಸರಿದು ನರಸಿಂಹರಾಜಪುರಕ್ಕೆ ಬಂದರೆ ಬಹಳವೇ ಕಡಿಮೆ. ಮಳೆ ಬಾರದಿದ್ದರೂ ಕಿಗ್ಗದ ಋಷ್ಯಶೃಂಗನಿಗೆ ಮೊರೆ, ಬಂದದ್ದು ನಿಲ್ಲದಿದ್ದರೂ ಅವನಿಗೇ ಮೊರೆ ಎಂಬ ಪದ್ಧತಿ ಇರುವ ಸೀಮೆ ಇದು. ಇಂಥ ಕಡೆ ಕಟ್ಟಡವನ್ನು ಉಳಿಸುವುದು ಮಾಡಿನ ಇಳಿಜಾರು ಮತ್ತು ಸೂರಿನ ಅಗಲ. ಸಪಾಟಾದ ತಾರಸಿ ಏಪ್ರಿಲ್ ಬಿಸಿಲಿಗೆ ಹಿಗ್ಗಿ, ರಾತ್ರಿ ಕುಗ್ಗಿ, ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಜೂನ್‌ನಲ್ಲಿ ಆ ಬಿರುಕಿನ ಮೇಲೆ ವಾರಗಟ್ಟಲೆ ನೀರು ನಿಂತರೆ ಒಳಗಿನ ಕಬ್ಬಿಣ ತುಕ್ಕು ಹಿಡಿಯದೆ ಏನಾದೀತು? ಬಯಲುಸೀಮೆಯ ತಾರಸಿ ಬಯಲುಸೀಮೆಗೆ ಸರಿ.

ಹಿಂದೆ ಇಲ್ಲಿ ಹೆಚ್ಚಿನವು ಅಡಿಕೆ ಸೋಗೆಯ ಮನೆಗಳು. ಪ್ರತಿ ವರ್ಷ ಹೊಸ ಸೋಗೆ ಹೊದಿಸಬೇಕಾಗಿತ್ತು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನಿಧಾನವಾಗಿ ಘಟ್ಟ ಹತ್ತಿ ಮಂಗಳೂರು ಹಂಚು ಬಂತು. ಮಾಡಿಗೆ ಸುಮಾರು 30 ಡಿಗ್ರಿ ಇಳಿಜಾರು, ಗೋಡೆಯಿಂದ ಮೂರು ಅಡಿ ಹೊರಚಾಚಿದ ಸೂರು, ಎರಡರಿಂದ ಮೂರು ಅಡಿ ಎತ್ತರದ ತಳಪಾಯ. ಈ ಮೂರು ಇದ್ದರೆ ಮಣ್ಣಿನ ಗೋಡೆಗೆ ಭಯವಿಲ್ಲ. ಗಾಳಿಮಳೆಯ ದಿಕ್ಕಿಗೆ, ಅಂದರೆ ಪಶ್ಚಿಮ ಮತ್ತು ನೈಋತ್ಯಕ್ಕೆ, ಮಳೆಗಾಲದ ನಾಲ್ಕು ತಿಂಗಳು ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಈಗಲೂ ಕಟ್ಟಬಹುದು, ಖರ್ಚಿಲ್ಲ. ಶೃಂಗೇರಿಯ ವಿದ್ಯಾಶಂಕರ ದೇವಾಲಯ ಹದಿನಾಲ್ಕನೆಯ ಶತಮಾನದಿಂದ ತುಂಗೆಯ ದಡದ ಮಳೆಯಲ್ಲಿ ನಿಂತಿರುವುದು ಎತ್ತರದ ಜಗತಿಯ ಮೇಲೆ ಎಂಬುದನ್ನು ದರ್ಶನಕ್ಕೆ ಹೋದಾಗ ಒಮ್ಮೆ ಗಮನಿಸಿರಿ.

ಹಂಚಿಗೆ ಒಬ್ಬ ಶತ್ರು ಇದ್ದಾನೆ. ಶೃಂಗೇರಿ ತಾಲ್ಲೂಕಿನ ಒಂದು ಚೌಕಿ ಮನೆಯಲ್ಲಿ ಈಗ ಉಳಿದಿರುವವರು ವಯಸ್ಸಾದ ದಂಪತಿಗಳಿಬ್ಬರೇ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಹಳೆಯ ಮನೆ ಕೆಡವಬೇಡಿ ಎಂದು ನಾನು ಹೇಳಿದಾಗ ಮನೆಯ ಅಮ್ಮನವರು ಬಿಡಲಿಲ್ಲ. “ನೀವು ಹೇಳಿ ಹೋಗ್ತೀರಿ ಸಾರ್. ಒಂದು ಹಿಂಡು ಮಂಗ ಮಾಡಿನ ಮೇಲೆ ಓಡಿದ್ರೆ ಇಪ್ಪತ್ತು ಹಂಚು ಹೋಯ್ತು. ಹತ್ತಿ ಕೈಯಾಡ್ಸೋರು ಯಾರು ಮಾರಾಯ್ರೆ? ಇವರಿಗೆ ಎಪ್ಪತ್ತೆರಡು ವರ್ಷ!” ಈ ಪ್ರಶ್ನೆಯನ್ನು ಹಳೆಯ ಮನೆಗಳನ್ನು ಹೊಗಳಿ ಬರೆಯುವವರು ಎತ್ತುವುದಿಲ್ಲ. ಹಂಚು ಕೈಯಾಡಿಸುವ ಆಳುಗಳು ಈಗ ಸಿಗುವುದು ಕಷ್ಟ, ಸಿಕ್ಕಿದರೂ ಮೇ ತಿಂಗಳಲ್ಲಿ ಎಲ್ಲರಿಗೂ ಒಂದೇ ಸಲ ಬೇಕು.

ಆದ್ದರಿಂದ ಶೀಟು ಹಾಕಲೇಬಾರದು ಎಂಬ ಹಟ ನನಗಿಲ್ಲ. ಹಾಕುವ ಕ್ರಮವಿದೆ. ಹಳೆಯ ಪಕಾಸಿ, ರೀಪುಗಳನ್ನು ತೆಗೆಯದೆ ಅದೇ ಇಳಿಜಾರಿನಲ್ಲಿ ದಪ್ಪ ಶೀಟು ಹೊದಿಸಿ, ಅದರ ಅಡಿಯಲ್ಲಿ ಒಂದು ಗೇಣು ಗಾಳಿಯಾಡುವ ಜಾಗ ಬಿಟ್ಟು, ಹಂಚಿನ ಇಲ್ಲವೆ ಅಡಿಕೆ ದಬ್ಬೆಯ ಒಳಮಾಡು ಉಳಿಸಿಕೊಳ್ಳಬೇಕು. ಬರೀ ಶೀಟಿನ ಅಡಿಯಲ್ಲಿ ಮಧ್ಯಾಹ್ನ ಕುಳಿತಿರಲಾಗದು. ಚಳಿಗಾಲದ ಬೆಳಗಿನ ಜಾವ ಶೀಟು ಒಳಮೈಯಲ್ಲಿ ಬೆವರಿ ಹನಿ ಉದುರಿಸುತ್ತದೆ. ಆ ಹನಿ ಒಣಗಲು ಹಾಕಿದ ಅಡಿಕೆಯ ಮೇಲೆ ಬಿದ್ದರೆ ಏನಾಗುತ್ತದೆಂದು ಬೆಳೆಗಾರರಿಗೆ ವಿವರಿಸಬೇಕಾಗಿಲ್ಲ. ಪಾಲಿಥೀನ್ ಹೊದಿಕೆಯ ಒಣಮನೆ ಮಾಡಿಕೊಂಡವರೂ ನೆತ್ತಿಯಲ್ಲಿ ಹಬೆ ಹೋಗಲು ಕಿಂಡಿ ಬಿಡದಿದ್ದರೆ ಇದೇ ಗತಿ.

ಆ ದಂಪತಿಗಳ ಮನೆಯಲ್ಲಿ ಕೊನೆಗೆ ಆದದ್ದು ಹೀಗೆ. ಮೂವತ್ತು ಮಂದಿಗೆಂದು ಕಟ್ಟಿದ ಮನೆಯ ನಾಲ್ಕು ಅಂಕಣಗಳಲ್ಲಿ ಎರಡನ್ನು ಜೋಪಾನವಾಗಿ ಇಳಿಸಿದರು. ಅದರ ಮರ, ಹಂಚುಗಳಿಂದ ಉಳಿದೆರಡನ್ನು ಭದ್ರಪಡಿಸಿದರು. ಇಳಿಸಿದ ಕಡೆ ಅಂಗಳ ದೊಡ್ಡದಾಗಿ ಅಡಿಕೆ ಒಣಗಿಸಲು ಬಿಸಿಲು ಸಿಕ್ಕಿತು. ಹೊಸ ಮರ ಕೊಂಡದ್ದು ಬಹಳ ಕಡಿಮೆ.

ದೊಡ್ಡ ತೊಟ್ಟಿ ಮನೆಯ ಕೆಲಸಗಾರಿಕೆ ನೋಡಬೇಕೆನ್ನುವವರಿಗೆ ಕುಪ್ಪಳಿಯ ಕವಿಮನೆ ಕೊಪ್ಪದಿಂದ ದೂರವೇನಲ್ಲ. ಕುವೆಂಪು ಅವರು 1904ರಲ್ಲಿ ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಈ ಮನೆಯಲ್ಲಿ. ಮುಂಡಿಗೆಗಳ ಕೆತ್ತನೆಯನ್ನು ಎಲ್ಲರೂ ನೋಡುತ್ತಾರೆ; ಬೇಸಾಯಗಾರರು ಮಧ್ಯದ ತೊಟ್ಟಿಯಿಂದ ಬೆಳಕು, ಗಾಳಿ ಹೇಗೆ ಬರುತ್ತದೆ, ನೀರು ಎಲ್ಲಿಂದ ಹೊರಗೆ ಹೋಗುತ್ತದೆ ಎಂಬುದನ್ನು ನೋಡಲಿ.

ಮಣ್ಣಿನ ಮಾತು

ಮಣ್ಣಿನ ಗೋಡೆ ಎಂದರೆ ಬಡತನದ ಗುರುತು ಎಂಬ ಭಾವನೆ ನಮ್ಮಲ್ಲಿ ಹೇಗೋ ಬೇರೂರಿದೆ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ ಹಗಲಿನ ಕಾವನ್ನು ಒಳಗೆ ಬಿಡುವ ಹೊತ್ತಿಗೆ ಹೊರಗೆ ರಾತ್ರಿಯಾಗಿರುತ್ತದೆ. ಇನ್ನೊಂದು ಗುಣ ಉಗ್ರಾಣಕ್ಕೆ ಇನ್ನೂ ಮುಖ್ಯ: ಗಾಳಿಯ ತೇವ ಹೆಚ್ಚಾದಾಗ ಮಣ್ಣು ಅದನ್ನು ಸ್ವಲ್ಪ ಹೀರಿಕೊಳ್ಳುತ್ತದೆ, ಒಣಗಾಳಿ ಬಂದಾಗ ಬಿಟ್ಟುಕೊಡುತ್ತದೆ. ಸಿಮೆಂಟ್ ಗಾರೆ, ಎಣ್ಣೆ ಬಣ್ಣ ಬಳಿದ ಗೋಡೆಗೆ ಈ ಶಕ್ತಿ ಇಲ್ಲ. ತೇವ ಅದರ ಮೇಲೆ ಹನಿಯಾಗಿ ಕೂರುತ್ತದೆ, ಬೂಷ್ಟು ಅಲ್ಲಿಂದಲೇ ಶುರು. ಹಳೆಯ ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಮೆತ್ತುವುದಂತೂ ಎರಡು ಪಟ್ಟು ಕೆಡುಕು. ಒಳಗೆ ಸೇರಿದ ನೀರು ಹೊರಬರಲಾಗದೆ ಗಾರೆಯೇ ಹೊಪ್ಪಳಿಕೆಯಾಗಿ ಏಳುತ್ತದೆ. ಸುಣ್ಣ ಮತ್ತು ಮರಳಿನ ಗಾರೆ ಸಾಕು.

ಹೊಸದಾಗಿ ಕಟ್ಟುವವರು ಒತ್ತುಮಣ್ಣಿನ ಇಟ್ಟಿಗೆಯ ವಿಚಾರ ತಿಳಿಯಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದಲ್ಲಿ, ಪ್ರೊ. ಕೆ.ಎಸ್. ಜಗದೀಶ್ ಮೊದಲಾದವರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಮಣ್ಣಿಗೆ ನೂರಕ್ಕೆ ಐದರಿಂದ ಎಂಟು ಭಾಗ ಸಿಮೆಂಟ್ ಬೆರೆಸಿ, ಕೈಯಿಂದ ಒತ್ತುವ ಯಂತ್ರದಲ್ಲಿ ಅಚ್ಚು ತೆಗೆದು, ಒದ್ದೆ ಗೋಣಿ ಹೊದಿಸಿ ಮೂರು ನಾಲ್ಕು ವಾರ ನೀರು ಕೊಟ್ಟರೆ ಇಟ್ಟಿಗೆ ಸಿದ್ಧ. ಸುಡಬೇಕಾಗಿಲ್ಲ, ಗೂಡಿಗೆ ಸೌದೆ ಬೇಕಾಗಿಲ್ಲ. ಮನೆಯ ಜಾಗದ ಮಣ್ಣೇ ಮನೆಯಾಗುವುದರಿಂದ ಲಾರಿ ಬಾಡಿಗೆಯೂ ಉಳಿಯುತ್ತದೆ.

ಆದರೆ ಎಲ್ಲ ಮಣ್ಣೂ ಆಗದು. ಮೇಲಿನ ಒಂದೆರಡು ಅಡಿ ಕಪ್ಪು ಮಣ್ಣಿನಲ್ಲಿ ಎಲೆಗೊಬ್ಬರ, ಬೇರು ಇರುತ್ತದೆ. ಅದು ತೋಟದ ಆಸ್ತಿ, ತೆಗೆದು ಗಿಡದ ಬುಡಕ್ಕೆ ಹಾಕಿ. ಅದರ ಕೆಳಗಿನ ಕೆಂಪು ಮಣ್ಣು ಬೇಕು. ಒಂದು ಗಾಜಿನ ಸೀಸೆಯಲ್ಲಿ ಮೂರನೆಯ ಒಂದು ಭಾಗ ಮಣ್ಣು, ಉಳಿದಷ್ಟು ನೀರು, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಒಂದು ದಿನ ಇಡಿ. ಮರಳು ಕೆಳಗೆ, ಜೇಡಿ ಮೇಲೆ ಪದರವಾಗಿ ನಿಲ್ಲುತ್ತದೆ. ಅರ್ಧಕ್ಕಿಂತ ಹೆಚ್ಚು ಮರಳಿದ್ದರೆ ಒಳ್ಳೆಯದು. ನಮ್ಮ ಕಡೆಯ ಮಣ್ಣಿನಲ್ಲಿ ಜೇಡಿ ಹೆಚ್ಚಾಗಿರುವುದೇ ಸಾಮಾನ್ಯ, ಒಣಗಿದಾಗ ಬಿರಿಯುತ್ತದೆ. ಆಗ ಮರಳನ್ನೋ ಕಲ್ಲುಕ್ವಾರಿಯ ಪುಡಿಯನ್ನೋ ಬೆರೆಸಬೇಕು. ಜೇಡಿ ಬಹಳವಿದ್ದರೆ ಸಿಮೆಂಟಿನ ಜೊತೆ ಸ್ವಲ್ಪ ಸುಣ್ಣವೂ ಬೇಕಾಗುತ್ತದೆ.

ಜಂಬಿಟ್ಟಿಗೆ ಸಿಗುವ ಕಡೆ ಅದೇ ಸುಲಭ. ನೆಲದಲ್ಲಿದ್ದಾಗ ಕೊಡಲಿಗೆ ಕತ್ತರಿಸುವಷ್ಟು ಮೆದು, ಗಾಳಿಗೆ ಬಿಟ್ಟ ಮೇಲೆ ಗಟ್ಟಿ. 1800-01ರಲ್ಲಿ ಈ ಕಡೆಯೆಲ್ಲ ಸುತ್ತಿದ ಬುಕಾನನ್ ಈ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ನಮ್ಮವರು ಇಟ್ಟ ಹೆಸರಿನಲ್ಲಿ ಇಟ್ಟಿಗೆ ಮೊದಲೇ ಇತ್ತು! ಸುಟ್ಟ ಇಟ್ಟಿಗೆಯೇ ಬೇಕೆನ್ನುವವರು ಕೇರಳದಲ್ಲಿ ಲಾರಿ ಬೇಕರ್ ಅವರು ಬಳಕೆಗೆ ತಂದ ಕ್ರಮದಲ್ಲಿ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ನಡುವೆ ಟೊಳ್ಳು ಬಿಟ್ಟು ಕಟ್ಟಿಸಬಹುದು. ಸುಮಾರು ನಾಲ್ಕನೆಯ ಒಂದು ಭಾಗ ಇಟ್ಟಿಗೆ ಉಳಿಯುತ್ತದೆ, ಟೊಳ್ಳಿನಲ್ಲಿರುವ ಗಾಳಿ ಕಾವನ್ನು ತಡೆಯುತ್ತದೆ.

ಅಡಿಕೆ ಮರದ ಬಗ್ಗೆ ಎರಡು ಮಾತು. ಹಣ್ಣಾದ ಹಳೆಯ ಮರದ ಹೊರಭಾಗ ಮಾತ್ರ ಗಟ್ಟಿ, ತಿರುಳು ಕೆಲಸಕ್ಕೆ ಬಾರದು. ಸೀಳಿ ತಿರುಳು ತೆಗೆದ ದಬ್ಬೆಗಳನ್ನು ಹರಿಯುವ ನೀರಿನಲ್ಲಿ ಕೆಲವು ವಾರ ಮುಳುಗಿಸಿ, ನೆರಳಿನಲ್ಲಿ ಒಣಗಿಸಿ ಬಳಸಿದರೆ ಹುಳು ಕಡಿಮೆ. ಎಳೆಯ ಮರ, ರೋಗದಿಂದ ಸತ್ತು ನಿಂತ ಮರ ಬಾಳಿಕೆ ಬರುವುದಿಲ್ಲ.

ಹಳೆಯದೆಲ್ಲ ಒಳ್ಳೆಯದೆಂದು ಹೇಳುತ್ತಿಲ್ಲ. ಹಳೆಯ ಮನೆಗಳ ಅಡಿಗೆಮನೆ ಕತ್ತಲೆ. ಒಲೆಯ ಹೊಗೆ ಅಟ್ಟದ ಅಡಿಕೆ, ಮೆಣಸುಗಳನ್ನು ಒಣಗಿಸಿ ಹುಳು ಬಾರದಂತೆ ಕಾಯುತ್ತಿತ್ತು, ಪಕಾಸಿಗಳಿಗೂ ಅದೇ ರಕ್ಷೆ. ಆದರೆ ಆ ಹೊಗೆಯನ್ನು ದಿನಕ್ಕೆ ಆರೇಳು ಗಂಟೆ ಕುಡಿದವರು ಮನೆಯ ಹೆಂಗಸರು. ನೆಲ ಸಾರಿಸುವುದು, ಗೋಡೆ ಬಳಿಯುವುದು ಕೂಡ ಅವರ ಪಾಲಿನ ದುಡಿಮೆಯೇ. ಅಡಿಗೆಗೆ ಹೊಗೆ ಕೊಳವೆಯ ಒಲೆ ಇಲ್ಲವೆ ಗ್ಯಾಸು ಇಟ್ಟು, ಅಡಿಕೆ ಬೇಯಿಸುವ ಒಲೆಯನ್ನು ಬೇರೆ ಕಟ್ಟಿ ಅದರ ಮೇಲೆ ಉಗ್ರಾಣದ ಅಟ್ಟ ಬರುವಂತೆ ಮಾಡಿದರೆ ಎರಡೂ ಕೆಲಸ ಆಗುತ್ತದೆ. ಕಾಫಿಯನ್ನು ಮಾತ್ರ ಹೊಗೆಯ ಹತ್ತಿರ ಸುಳಿಯಗೊಡಬೇಡಿ, ವಾಸನೆ ಹಿಡಿಯುತ್ತದೆ, ತೇವಾಂಶ ಶೇ. 10-11ಕ್ಕೆ ಇಳಿದ ಮೇಲೆಯೇ ಚೀಲ ತುಂಬಬೇಕು. ಉಗ್ರಾಣದಲ್ಲಿ ಚೀಲಗಳು ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ದೂರ. ಕಿಟಕಿಯನ್ನು ಮಳೆ ಹೊಯ್ಯುವ ದಿನ ಮುಚ್ಚಿ, ಬಿಸಿಲು ಬಿದ್ದ ದಿನ ತೆರೆಯಿರಿ. ಗಾಳಿಯಾಡಲಿ ಎಂದು ಜುಲೈ ತಿಂಗಳಿಡೀ ತೆರೆದಿಟ್ಟರೆ ಒಳಗೆ ಬರುವುದು ಒದ್ದೆ ಗಾಳಿಯೇ.

ಧರೆಯ ಕೆಳಗೆ ಮನೆ ಬೇಡ

ಈಗಿನ ಅತಿ ದೊಡ್ಡ ಅಪಾಯ ಜಾಗ ಮಾಡುವ ಕ್ರಮದಲ್ಲಿದೆ. ಹಿಂದೆ ಗುದ್ದಲಿಯಲ್ಲಿ ಅಗೆಯುತ್ತಿದ್ದುದರಿಂದ ಯಾರೂ ಅಗತ್ಯಕ್ಕಿಂತ ಹೆಚ್ಚು ಗುಡ್ಡ ಕಡಿಯುತ್ತಿರಲಿಲ್ಲ. ಮನೆ, ಅಂಗಳ, ಕೊಟ್ಟಿಗೆಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿಜಾರಿನ ಮೇಲೆ ಕೂರುತ್ತಿದ್ದವು. ಜೆಸಿಬಿ ಎರಡು ದಿನದಲ್ಲಿ ಇಪ್ಪತ್ತು ಅಡಿ ನೆಟ್ಟಗೆ ಕಡಿದು ಸಪಾಟು ಮಾಡಿಕೊಡುತ್ತದೆ. ಮನೆಯ ಹಿಂಗೋಡೆಗೂ ಧರೆಗೂ ನಡುವೆ ಒಬ್ಬರು ನಡೆಯುವಷ್ಟು ಜಾಗ. 2018ರ ಮಳೆಗಾಲದಲ್ಲಿ ಕೊಡಗು, 2019ರ ಆಗಸ್ಟ್‌ನಲ್ಲಿ ನಮ್ಮ ಜಿಲ್ಲೆಯ ಮೂಡಿಗೆರೆ ಕಡೆ ಗುಡ್ಡ ಜಾರಿದ್ದನ್ನು ಕಂಡ ಮೇಲೂ ಈ ಕೆಲಸ ನಿಂತಿಲ್ಲ. ಧರೆ ಎಷ್ಟು ಎತ್ತರವೋ ಅಷ್ಟಾದರೂ ದೂರದಲ್ಲಿ ಗೋಡೆ ಇರಲಿ. ಐದಾರು ಅಡಿಗಿಂತ ಹೆಚ್ಚು ನೆಟ್ಟಗೆ ಕಡಿಯದೆ ಮೆಟ್ಟಿಲಾಗಿ ಕಡಿಯಿರಿ, ಲಾವಂಚದ ಬುಡಗಳನ್ನು ಸಾಲಾಗಿ ನೆಡಿರಿ, ಧರೆಯ ನೆತ್ತಿಯಲ್ಲಿ ಬಸಿಗಾಲುವೆ ತೆಗೆದು ಮೇಲಿನ ನೀರನ್ನು ಪಕ್ಕಕ್ಕೆ ತಿರುಗಿಸಿರಿ. ಇಂಗುಗುಂಡಿ ಒಳ್ಳೆಯದೇ, ಆದರೆ ಮನೆಯ ಹಿಂದಿನ ಧರೆಯ ಮೇಲೆ ಅದನ್ನು ತೋಡುವುದು ಮನೆಯ ಮೇಲೆ ಗುಡ್ಡವನ್ನು ಕರೆದಂತೆ.

ಮಾಡಿನ ನೀರನ್ನೂ ಲೆಕ್ಕ ಹಾಕಿ ನೋಡಿ. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್. ಸಾವಿರ ಚದರ ಅಡಿ ಮಾಡಿಗೆ ಶೃಂಗೇರಿಯ ಮಳೆಯಲ್ಲಿ, ಪೋಲಾಗುವ ಐದನೆಯ ಒಂದು ಭಾಗ ಕಳೆದರೂ, ವರ್ಷಕ್ಕೆ ಎರಡೂವರೆ ಲಕ್ಷ ಲೀಟರ್ ದಾಟುತ್ತದೆ. ಮಾರ್ಚ್ ಬಂದರೆ ಬಾವಿ ತಳ ಕಾಣುವ ಮನೆಗಳು ಇದೇ ಊರುಗಳಲ್ಲಿವೆ. ಎಲ್ಲವನ್ನೂ ಹಿಡಿದಿಡಲಾಗದು, ಅಕ್ಟೋಬರ್‌ನ ಕೊನೆಯ ಮಳೆಯಲ್ಲಿ ತುಂಬಿಕೊಳ್ಳುವ ಹತ್ತು ಸಾವಿರ ಲೀಟರಿನ ತೊಟ್ಟಿಯೊಂದಿದ್ದರೆ ಬೇಸಿಗೆಯಲ್ಲಿ ಇಟ್ಟಿಗೆಗೆ ನೀರು ಕೊಡಲಿಕ್ಕಾದರೂ ಆದೀತು.

ಕೆಲಸದ ಕಾಲದ ಬಗ್ಗೆ ಹೇಳಬೇಕು. ಅಡಿಕೆ, ಕಾಫಿ ಕೊಯ್ಲು ಮುಗಿದು ಕೈ ಬಿಡುವಾಗುವುದು ಫೆಬ್ರವರಿಯಲ್ಲಿ. ಮೇ ಕೊನೆಗೆ ಮಾಡು ಹೊದಿಸಿರಬೇಕು. ಸಿಗುವುದು ಮೂರೇ ತಿಂಗಳು. ಒಂದೇ ಬೇಸಿಗೆಯಲ್ಲಿ ಎಲ್ಲವನ್ನೂ ಮುಗಿಸುವ ಅವಸರದಲ್ಲಿಯೇ ಹಸಿ ಇಟ್ಟಿಗೆ, ಹಸಿ ಮರ ಗೋಡೆಗೆ ಸೇರುವುದು. ಮೊದಲ ಬೇಸಿಗೆಯಲ್ಲಿ ತಳಪಾಯ ಹಾಕಿ, ಇಟ್ಟಿಗೆ ಒತ್ತಿ, ಮರ ಸೀಳಿ ಇಡುವುದು. ಎರಡನೆಯ ಬೇಸಿಗೆಯಲ್ಲಿ ಗೋಡೆ ಮತ್ತು ಮಾಡು. ನಡುವಿನ ಮಳೆಗಾಲದಲ್ಲಿ ಇಟ್ಟಿಗೆಗಳನ್ನು ನೆಲಕ್ಕೆ ತಾಗದಂತೆ ಅಡಿಕೆ ದಬ್ಬೆಯ ಮೇಲೆ ಪೇರಿಸಿ, ಮೇಲೆ ಹಳೆಯ ಶೀಟು ಹೊದಿಸಿ, ಪಕ್ಕಗಳನ್ನು ಗಾಳಿಗೆ ಬಿಟ್ಟಿರಬೇಕು.